ಒಡಲು

ಬೆಟಗೇರ್ಯಾಗ ನಮ್ಮ ಮನಿ ಹಿಂದಿನ ಗ್ವಾಡಿ ಅಂದ್ರ
ಮೌನೇಶ್ವರ ಟಾಕೀಜಿನ ಪರದೇದ ಬೆನ್ನು.
ಅತ್ಲಾಗ ಯಾರರ ಹೊಡದಾಡಿದ್ರ
ಇತ್ಲಾಗ ನೆಲುವಿನ ಮ್ಯಾಲಿನ ಮಜ್ಜಿಗಿ ಗಡಿಗಿ ಅಲಗತಿತ್ತು.
ದಿನಾ ನಾಕ ಆಟ. ಒಂದೂ ನೋಡಲಿಲ್ಲ ನಾನು.
ಅಪ್ಪಗ ಸಿನಿಮಾ ಅಂದ್ರ ಆಗತಿರಲಿಲ್ಲ;
ಕಿವಿಗೆ ಬಾಗಲಾ ಹಚ್ಚಾಕ ಮಾತ್ರ
ಅಂವಗೂ ಬರಲಿಲ್ಲ.

ಆ ವರ್ಷ ಒಂದು ಪಿಕ್ಚರ್ ಹದಿನಾಲ್ಕು ವಾರ ನಡೀತು.
ಹಾಡು ಐದು. ಊರಿಗೆ ಊರ ಬಾಯಿಪಾಠ:
ಚಹಾದಂಗಡ್ಯಾಗ, ಮದಿವಿ ಬ್ಯಾಂಡಿನ್ಯಾಗ,
ರೇಲ್ವೆ ಗೇಟಿನ ಹತ್ರ ಪೇರಲ ಮಾರೋ ಹುಡುಗನ ಸಿಳ್ಳಿನ್ಯಾಗ.
ನನಗ ಹಾಡೂ ಸೇರತಿದ್ವು, ಸುಳ್ಳ್ಯಾಕ ಹೇಳಲಿ.
ಆದ್ರ ಹಾಡು ಮುಗದ ಮ್ಯಾಲೆ ಉಳೀತಿತ್ತಲ್ಲ,
ಮಾತಿಲ್ಲದ ಪಿಟೀಲು, ಒಂದ ಎಳಿ,
ಎರಡನೇ ಹಾಡಿನ ಪಲ್ಲವಿ ಹೊಟ್ಟ್ಯಾಗ ಇಟಗೊಂಡು
ಮೆಲ್ಲಕ, ದಿನಾ ತುಂಬಿದ ಬಸರೆಂಗಸಿನಂಗ
ಗ್ವಾಡಿ ಹಿಡದು ನಡೀತಿತ್ತು.

ಮಧ್ಯಾಹ್ನದ ಆಟಕ್ಕ ಸರಿಯಾಗಿ ನಾಕು ಹತ್ತಕ್ಕ.
ಕಂಡಿಕಿ ಸುತ್ತೋ ಕೈ ತಾನ ನಿಧಾನ ಆಗೂದು.
'ಲಕ್ಷ್ಯ ಎಲ್ಲೈತಿ?' ಅಂತಿದ್ಲು ಅವ್ವ.
ಗ್ವಾಡ್ಯಾಗ ಐತಿ ಅನ್ನಾಕ ಬರತೈತೇನು?

ಆ ಜಾಗಾದಾಗ ಪರದೆ ಮ್ಯಾಲೆ ಏನ ನಡೀತೈತಿ,
ನಾನ ಒಂದು ಕತಿ ಕಟ್ಟಿದ್ದೆ:
ಒಬ್ಬಾಕಿ ಪತ್ರ ಹಿಡದಾಳ, ಒಡದಿಲ್ಲ.
ಒಲಿ ಮುಂದ ಕುಂತಾಳ, ಒಲಿ ಹಚ್ಚಿಲ್ಲ.
ತಬಲಾ ಎರಡ ಸಲ ಬೆರಳಿಡತೈತಿ,
ಯಾರೋ ಬಾಗಲಾ ಬಡದಂಗ.
ಆಕಿ ಏಳೂದಿಲ್ಲ.
ಆಮ್ಯಾಲೆ ಕೊಳಲು ಬಂದು
ಪಲ್ಲವಿಯ ಅರ್ಧ ಅಷ್ಟ ಕೇಳಿ
ಉತ್ತರ ಇಲ್ಲದ ಹೊಳ್ಳಿ ಹೋಗತೈತಿ.

ಪಂಚಮಿ ರೊಕ್ಕ ಕೂಡಿಸಿ ಗದಗಿಗೆ ಹೋಗಿ
ಖಾಜೇಸಾಬ್ರ ಅಂಗಡ್ಯಾಗ ಕ್ಯಾಸೆಟ್ ತಂದೆ.
ಆ ಕಡೆ ಮೂರು, ಈ ಕಡೆ ಎರಡು,
ಮುಂದ ಖಾಲಿ ಟೇಪಿನ ಸುಸ್ಸಂತ ಸಪ್ಪಳ.
ತಿರುಗಿ ಹೋಗಿ ಕೇಳಿದೆ,
'ಹಾಡಿನ ನಡುವಿಂದು ಎಲ್ಲೈತ್ರಿ?'
ಅವರು ಕನ್ನಡಕ ತಗದು ಒರಸಿದ್ರು.
'ಅದಕ್ಕ ಹೆಸರಿಲ್ಲವಾ ತಂಗಿ.
ಹೆಸರಿಲ್ಲದ್ದು ಮಾರಾಕ ಬರೂದಿಲ್ಲ.'

ಸೀರಿ ಕೊಳ್ಳಾಕ ಬಂದವರು ಅಂಚು ನೋಡತಾರ,
ಸೆರಗು ಬೆಳಕಿಗೆ ಹಿಡದು ಕೊಡವತಾರ.
ಒಡಲು ಕೇಳಿದವರನ್ನ ನಾ ಕಾಣೆ.
'ಒಡಲು ಬಿಗಿ ಬರಲಿ, ಅಂಚು ತಾನ ನಗತೈತಿ,'
ಕುಣಿಯೊಳಗ ಕಾಲು ಬಿಟ್ಟು ಅಪ್ಪ ಅಂತಿದ್ದ,
'ಉಟ್ಟಾಗ ಮೈಗೆ ಹತ್ತೂದು ಅದ.'
ಅಪ್ಪ ಸೀರಿ ಮಾತು ಆಡತಿದ್ದ.
ನನಗ ಪಿಟೀಲು ಕೇಳತಿತ್ತು.

ಹದಿನೈದು ದಿನಕ್ಕ ಖಾಜೇಸಾಬ್ರು ಹೇಳಿ ಕಳಿಸಿದ್ರು.
ಆಪರೇಟರ್ ಕರವೀರಪ್ಪನ ಕಾಲು ಬಿದ್ದು
ಟಾಕೀಜಿನೊಳಗ ಟೇಪ್ ಇಟ್ಟು ತುಂಬಿಸಿದ ಕ್ಯಾಸೆಟ್ಟು,
ಮ್ಯಾಲೆ ಹೆಸರು ಬರದಿರಲಿಲ್ಲ. ರೊಕ್ಕ ಮುಟ್ಟಲಿಲ್ಲ.

ರಾತ್ರಿ ಕೌದಿಯೊಳಗ ಟೇಪ್ ಇಟಗೊಂಡು ಕೇಳಿದೆ.
ಕೆಮ್ಮು. ಯಾರದೋ ಕೂಸು. 'ಶೇಂಗಾ, ಬಿಸಿ ಶೇಂಗಾ.'
ನಡುವ ಆ ಎಳಿ ಬಂತು.
ಪಿಟೀಲು ಸಣ್ಣಾಗಿ, ಇನ್ನೂ ಸಣ್ಣಾಗಿ,
ಟಾಕೀಜಿಗೆ ಟಾಕೀಜ ಉಸುರು ಹಿಡದಾಗ
ಅದರ ತಳದಾಗ
ಟಕ್ಕು. ಟಕ್ಕು.
ಪರದೆ ಹಿಂದಿಂದ ಅಪ್ಪನ ಮಗ್ಗ.
ತಾಳ ಕೂಡಿತ್ತು ಅನ್ನೂದಿಲ್ಲ; ಇಲ್ಲ.
ಪ್ರತಿ ಸಲ ಒಂದು ಮಾತ್ರಿ ತಡ.

ಅಪ್ಪಗ ಇದನ್ನ ನಾ ಹೇಳಲಿಲ್ಲ:
ಹದಿನಾಲ್ಕು ವಾರ, ದಿನಾ,
ನೋಡದ ಪಿಕ್ಚರಿನ್ಯಾಗ ಅಂವ ಬಾರಿಸಿದ್ದ.

ಮೊನ್ನೆ ಟೀವ್ಯಾಗ ಬಂತು ಅದು. ಮಮ್ಮಗಳು ಕರದ್ಲು.
ಪತ್ರ ಇಲ್ಲ, ಒಲಿ ಇಲ್ಲ. ಆ ಜಾಗಾದಾಗ
ನಾಯಕ ಸೈಕಲ್ಲಿಗೆ ಗಾಳಿ ಹೊಡ್ಯಾಕತ್ತಾನ.
ಇಷ್ಟ ಏನು?
ಟೀವಿಗೆ ಬೆನ್ನು ಮಾಡಿ ಹೊಳ್ಳಿ ಕುಂತೆ.
'ಯಾಕಬೇ ಆಯಿ?' ಅಂದ್ಲು.
ಸುಮ್ಮನಿರು ಅಂತ ಕೈ ಮಾಡಿದೆ.
ಕೊಳಲು ಬಂತು. ಅರ್ಧ ಕೇಳಿತು.
ಒಂದು ಮಾತ್ರಿ ತಡದು
ನನ್ನ ಬೆರಳು ನೆಲಾ ಬಡೀತು.